ಸೂರ್ಯಾಸ್ತದ ಸಮೀಕರಣ

ಹಸಿದವನಿಗೆ ಲೆಕ್ಕ ಹೇಳಿಕೊಡಬಾರದು ಎಂದು ತಿಳಿದವರು ಹೇಳುತ್ತಾರೆ. ಭರತೇಶನ ವಿಷಯದಲ್ಲಿ ಆದದ್ದು ಉಲ್ಟಾ. ಮೊದಲು ಲೆಕ್ಕ ಹೇಳಿಕೊಟ್ಟರು, ಆಮೇಲೆ ಅವನು ಹಸಿದ.

ಹತ್ತನೇ ತರಗತಿಯ ಗಣಿತದಲ್ಲಿ ಅವನಿಗೆ ಬಂದದ್ದು ಮೂವತ್ತೈದು. (ಮೂವತ್ತೈದಕ್ಕೆ ಪಾಸು ಎಂಬ ನಿಯಮ ಮೊದಲು ಬಂತೋ, ತನ್ನ ಅಂಕ ನೋಡಿ ಆಮೇಲೆ ನಿಯಮ ಮಾಡಿದರೋ ಎಂಬ ಅನುಮಾನ ಅವನಿಗೆ ಇವತ್ತಿಗೂ ಇದೆ.) ಅಲ್ಲಿಂದಾಚೆಗೆ ಗಣಿತದ ದಾರಿಗೆ ಅವನು ಹೋಗಲಿಲ್ಲ, ಅವನ ದಾರಿಗೆ ಗಣಿತವೂ ಬರಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿದು ಫ್ರೇಮಿಗೆ ಕೂರಿಸುವ ಕೆಲಸ ಸಿಕ್ಕಿತು. ಹೀಗೆ ಜಿಲ್ಲೆಯ ಅರ್ಧ ಜನಕ್ಕೆ ದೂರದ್ದನ್ನೂ ಹತ್ತಿರದ್ದನ್ನೂ ಕಾಣಿಸಿಕೊಟ್ಟ ಮಹಾನುಭಾವನಿಗೆ ತನ್ನ ಮೂಗಿನ ಮುಂದೆ ಬರುತ್ತಿದ್ದುದು ಮಾತ್ರ ಕಾಣಲಿಲ್ಲ. ಹೋದ ವೈಶಾಖದಲ್ಲಿ ಚನ್ನರಾಯಪಟ್ಟಣದ ಸಿದ್ಧಿಯ ಜೊತೆ ಅವನ ಮದುವೆಯಾಯಿತು. ಸಿದ್ಧಿ ಅಲ್ಲಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ.

ಅವಳ ಸ್ಕೂಲು ಅಲ್ಲೇ ಇತ್ತು, ತವರುಮನೆಯ ಮಹಡಿಯ ಕೋಣೆ ಖಾಲಿ ಇತ್ತು. ಹಾಗಾಗಿ ಗಂಡ ಹೆಂಡತಿ ಅಲ್ಲೇ ನಿಂತರು. ಕೇಳಿದವರಿಗೆಲ್ಲ ಭರತೇಶ, ತಾನು ಮನೆ ಅಳಿಯ ಅಲ್ಲ, ಮಹಡಿ ಅಳಿಯ ಎಂದು ತಿದ್ದುತ್ತಿದ್ದ. ಆದರೆ ಮಹಡಿಯಲ್ಲಿ ಹಾಸಿಗೆ ಇತ್ತೇ ಹೊರತು ಒಲೆ ಇರಲಿಲ್ಲ. ಒಲೆ ಕೆಳಗೆ, ಅತ್ತೆ ಪದ್ಮಾವತಮ್ಮನವರ ಸಂಸ್ಥಾನದಲ್ಲಿ. ಮಾವ ಧರಣೇಂದ್ರಯ್ಯನವರಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ.

ಭರತೇಶನಿಗೆ ಬೀಜಗಣಿತದ ಸಾಕ್ಷಾತ್ಕಾರವಾದದ್ದು ಇಡ್ಲಿಯ ಮೂಲಕ.

ಅರಕಲಗೂಡಿನ ನೆಂಟರು ಒಂದು ಭಾನುವಾರ ಬರುವವರಿದ್ದರು. ಫೋನು ಎತ್ತಿದ ಮಾವ ಅಡುಗೆಮನೆಗೆ ಬಂದು ವರದಿ ಒಪ್ಪಿಸಿದರು. ಒಟ್ಟು ಏಳು ಜನ. ದೊಡ್ಡವರಿಗೆ ತಲೆಗೆ ಐದು ಇಡ್ಲಿ, ಮಕ್ಕಳಿಗೆ ಮೂರು, ಎಲ್ಲ ಸೇರಿ ಮೂವತ್ತೊಂದು ಬೇಯಿಸಿದರೆ ಸಾಕಂತೆ. ಮಕ್ಕಳಿಗೆ ಬಿಸ್ಕತ್ತು ತರಲು ಹೊರಟಿದ್ದ ಭರತೇಶ, ಮಕ್ಕಳೆಷ್ಟು ಎಂದು ಕೇಳಿದ. ಅದನ್ನು ಮಾವ ವಿಚಾರಿಸಿರಲಿಲ್ಲ. ಆಗ ರೊಟ್ಟಿ ಒತ್ತುತ್ತಿದ್ದ ಸಿದ್ಧಿ ಮಣೆಯ ಮೇಲಿನ ಹಿಟ್ಟಿನಲ್ಲಿ ಬೆರಳಿನಿಂದ ಎರಡು ಸಾಲು ಗೀಚಿದಳು. ದೊಡ್ಡವರು x, ಮಕ್ಕಳು y. x + y = 7. ಅದರ ಕೆಳಗೆ 5x + 3y = 31. ಮೇಲಿನ ಸಾಲನ್ನು ಮೂರರಿಂದ ಗುಣಿಸಿದಳು, ಕೆಳಗಿನದರಿಂದ ಕಳೆದಳು, ಅಂಗೈಯಿಂದ ಹಿಟ್ಟು ಸವರಿ ಅಳಿಸಿದಳು.

“ಇಬ್ರು ಮಕ್ಕಳು. ಎರಡು ಪ್ಯಾಕೆಟ್ ಸಾಕು,” ಅಂದಳು.

ಮರುದಿನ ಆಟೋದಿಂದ ಇಳಿಯುವವರನ್ನು ಭರತೇಶ ಗೇಟಿನಲ್ಲಿ ನಿಂತು ಎಣಿಸಿದ. ದೊಡ್ಡವರು ಐದು. ಮಕ್ಕಳು ಎರಡು. ಅವನ ಮೈ ಜುಮ್ಮೆಂದಿತು. ಅರಕಲಗೂಡಿನಲ್ಲಿ ಇನ್ನೂ ಆಟವಾಡಿಕೊಂಡಿದ್ದ ಮಕ್ಕಳು ಚನ್ನರಾಯಪಟ್ಟಣದ ರೊಟ್ಟಿ ಹಿಟ್ಟಿನಲ್ಲಿ ಕಾಣಿಸಿಕೊಂಡಿದ್ದವು. ತಾನು ವರ್ಷಗಟ್ಟಲೆ ಗಾಜು ಉಜ್ಜಿದರೂ ಇಷ್ಟು ದೂರದ್ದು ಯಾರಿಗೂ ಕಾಣಿಸಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟು ನಡುವೆ ಕೂರಿಸಿ, ಗೊತ್ತಿರುವುದನ್ನೆಲ್ಲ ಅದರ ಸುತ್ತ ನಿಲ್ಲಿಸಿಬಿಟ್ಟರೆ ಅದು ತಾನಾಗಿ ಬಾಯಿ ಬಿಡುತ್ತದೆ. ಇಂಥ ವಿದ್ಯೆಯನ್ನು ಹತ್ತನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಕಳೆದುಕೊಂಡೆನಲ್ಲ ಎಂದು ಅವನಿಗೆ ಅಳು ಬಂತು.

(“ಅವರ ಮನೇಲಿರೋದು ಎರಡೇ ಮಕ್ಕಳು ಅಂತ ನಂಗೊತ್ತಿಲ್ವೇ? ಕೇಳಿದ್ದಿದ್ರೆ ಹೇಳ್ತಿದ್ದೆ,” ಎಂದು ಪದ್ಮಾವತಮ್ಮ ಚಟ್ನಿ ಬಡಿಸುತ್ತ ಅಂದರು. ಸಾಕ್ಷಾತ್ಕಾರದಲ್ಲಿದ್ದ ಅಳಿಯನಿಗೆ ಅದು ಕೇಳಿಸಲಿಲ್ಲ.)

ಆವತ್ತಿನಿಂದ ಅವನು ಭಾನುವಾರಗಳಲ್ಲಿ ಹೆಂಡತಿಯ ಶಿಷ್ಯನಾದ. ಸಿದ್ಧಿ ಮೊದಲ ದಿನವೇ ಎರಡು ಮಾತು ಹೇಳಿದಳು. ಸಮೀಕರಣ ಎಂದರೆ ಅಪ್ಪನ ಅಂಗಡಿಯ ತಕ್ಕಡಿ, ಎಡಗಡೆ ಏನು ಮಾಡಿದರೂ ಬಲಗಡೆಗೂ ಅದನ್ನೇ ಮಾಡಬೇಕು. ಇನ್ನೊಂದು, ಲೆಕ್ಕದಲ್ಲಿ ಬೇಡದ್ದೂ ಬರೆದಿರುತ್ತಾರೆ, ಬಸ್ಸಿನ ಬಣ್ಣ, ಡ್ರೈವರಿನ ಹೆಸರು, ಅದನ್ನು ಬಿಟ್ಟುಬಿಡಬೇಕು. ಎರಡನೆಯ ಮಾತು ಭರತೇಶನಿಗೆ ಬಹಳ ಹಿಡಿಸಿತು. ಬಿಟ್ಟುಬಿಡುವುದರಲ್ಲಿ ಅವನಿಗೆ ಮೊದಲಿನಿಂದಲೂ ಕೈ ಪಳಗಿತ್ತು.

ತಿಂಗಳೊಳಗೆ ಆ ಮನೆಯಲ್ಲಿ x ಆಗದೆ ಉಳಿದ ವಸ್ತು ಇರಲಿಲ್ಲ. ಟೂತ್‌ಪೇಸ್ಟ್ ಇನ್ನೆಷ್ಟು ದಿನ ಬರುತ್ತದೆ ಎಂದು ಅವನು ಗೋಡೆಗೆ ಬರೆದ. ತುಪ್ಪದ ಡಬ್ಬದ ಮಟ್ಟ ಅಳೆದು, ಯಾರು ದಿನಕ್ಕೆ ಎಷ್ಟು ಚಮಚ ಹಾಕಿಕೊಳ್ಳುತ್ತಾರೆ ಎಂದು ಕಂಡುಹಿಡಿದು, ಅದನ್ನು ಊಟಕ್ಕೆ ಕೂತಾಗ ಪ್ರಕಟಿಸಿದ. (ಮಾವ ಆಮೇಲೆ ಎರಡು ದಿನ ತುಪ್ಪ ಮುಟ್ಟಲಿಲ್ಲ.) ಬೇಳೆಗೂ ಕುಕ್ಕರಿನ ವಿಷಲಿಗೂ ಒಂದು ಸಂಬಂಧ ಸ್ಥಾಪಿಸಿ, ಅತ್ತೆ ಸ್ನಾನಕ್ಕೆ ಹೋದಾಗ ಪ್ರಯೋಗ ಮಾಡಿದ. ತೊವ್ವೆ ತಳ ಹಿಡಿಯಿತು. ಅಲ್ಲಿಗೆ ಅಡುಗೆಮನೆಯ ಹೊಸಿಲು ಅವನ ಪಾಲಿಗೆ ಗಡಿರೇಖೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಚಾತುರ್ಮಾಸ ಬಂತು.

ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಎಷ್ಟೋ ತಲೆಮಾರಿನಿಂದ ಬಂದ ಜೈನರ ನೇಮ ಅದು, ಮಳೆಗಾಲದ ನಾಲ್ಕು ತಿಂಗಳಂತೂ ಇನ್ನೂ ಬಿಗಿ. ಮದುವೆಗೆ ಮುಂಚೆ ಹಾಸನದಲ್ಲಿ ಭರತೇಶನ ಊಟದ ಹೊತ್ತು ಒಂಬತ್ತೂವರೆ, ಊಟದ ಹೆಸರು ಗೋಬಿ ಮಂಚೂರಿ. ಹೆಣ್ಣು ನೋಡಿ ಬಂದ ವಾರದಲ್ಲೇ ಒಂದು ರಾತ್ರಿ ಧರಣೇಂದ್ರಯ್ಯನವರು ಅವನನ್ನು ಬಸ್ ಸ್ಟ್ಯಾಂಡಿನ ಗಾಡಿಯ ಮುಂದೆ, ಬಾಯಲ್ಲಿ ಗೋಬಿ ಸಮೇತ ನೋಡಿದ್ದರು. ಆಕಾಶ ನೋಡುತ್ತ ಮುಂದೆ ಹೋದರು. ಆಮೇಲೂ ಎಂದೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಭರತೇಶ ಸಮಜಾಯಿಷಿ ಹೇಳಿ ಮುಗಿಸುತ್ತಿದ್ದ. ಎತ್ತದೇ ಇದ್ದುದರಿಂದ ಆ ಗೋಬಿ ಅವನ ಗಂಟಲಲ್ಲಿ ಇವತ್ತಿನವರೆಗೂ ಇತ್ತು.

ಚಾತುರ್ಮಾಸ ಶುರುವಾದ ದಿನ ಮಾವ ಮೆಲ್ಲಗೆ ಕೇಳಿದರು. ಈಗೇನೋ ಸರಿ, ಐದು ಹತ್ತರ ಬಸ್ಸು ಹತ್ತಿ ಆರೂ ಇಪ್ಪತ್ತಕ್ಕೆಲ್ಲ ಮನೆಗೆ ಬಂದು ಉಣ್ಣುತ್ತಿದ್ದೀರಿ, ಮುಂದೆ ಹೊತ್ತು ಕುಗ್ಗುತ್ತದಲ್ಲ, ಒಂದು ಡಬ್ಬಿ ತೆಗೆದುಕೊಂಡು ಹೋಗಿ ಅಂಗಡಿಯಲ್ಲೇ ಮುಗಿಸಿಬಿಡಬಹುದಲ್ಲ? ಭರತೇಶನಿಗೆ ಗೋಬಿ ನೆನಪಾಯಿತು. ಎದ್ದು ನಿಂತು, ನಾಲ್ಕು ತಿಂಗಳು ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಮುಟ್ಟುವುದಿಲ್ಲ, ಹೋಟೆಲಿನದು ತಿನ್ನುವುದಿಲ್ಲ, ಡಬ್ಬಿಯೂ ಬೇಡ, ಇದೇ ಮನೆಯಲ್ಲಿ ಕೂತೇ ಉಣ್ಣುತ್ತೇನೆ ಎಂದು ಘೋಷಿಸಿದ. ಮಾವ ಮೊದಲ ಸಲ ಅವನನ್ನು ಪೂರ್ತಿ ಕಣ್ಣು ಬಿಟ್ಟು ನೋಡಿದರು. ಆ ನೋಟಕ್ಕಾಗಿ ಅವನು ಉಪವಾಸವನ್ನೂ ಇರಬಲ್ಲವನಾಗಿದ್ದ. (ಇರಬೇಕಾಗಿಯೂ ಬಂತು, ಅದು ಮುಂದಿನ ಮಾತು.)

ಘೋಷಣೆಗೆ ಆಧಾರ ಬೇಕಲ್ಲ. ಆಗಸ್ಟ್ ಮೊದಲ ದಿನ ಅವನು ಗೋಡೆಯ ಕ್ಯಾಲೆಂಡರಿನಿಂದ ಎರಡು ಸಂಖ್ಯೆ ಎತ್ತಿದ. ಜುಲೈ ಹನ್ನೆರಡಕ್ಕೆ ಸೂರ್ಯಾಸ್ತ ಆರೂ ಐವತ್ತಮೂರು. ಈವತ್ತು ಆರೂ ಐವತ್ತೊಂದು. ಇಪ್ಪತ್ತು ದಿನಕ್ಕೆ ಎರಡು ನಿಮಿಷ, ಅಂದರೆ ಹತ್ತು ದಿನಕ್ಕೆ ಒಂದು. ಎರಡು ಬಿಂದು ಸಿಕ್ಕರೆ ಒಂದು ಸರಳರೇಖೆ ಸಿಕ್ಕಂತೆ, ಇದು ಪುಸ್ತಕದಲ್ಲೇ ಇದೆ. ದೊಡ್ಡ ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದ. ಗೆರೆ ದೀಪಾವಳಿಯವರೆಗೂ ಎಲ್ಲೂ ಕೊಂಕದೆ ಹೋಯಿತು. ಆ ದಿನ ಸೂರ್ಯ ಮುಳುಗುವುದು ಆರೂ ನಲವತ್ತಮೂರಕ್ಕೆ. ಇವನ ಊಟ ಮುಗಿಯುವುದು ಆರೂ ಮೂವತ್ತೈದಕ್ಕೆ. ಎಂಟು ನಿಮಿಷ ಉಳಿತಾಯ. ಬೇಕಾದರೆ ಇನ್ನೊಂದು ಸಲ ಪಾಯಸ ಹಾಕಿಸಿಕೊಳ್ಳಬಹುದು. ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ.

ಸಿದ್ಧಿ ಆ ಹಾಳೆಯನ್ನೂ ಗೋಡೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿದಳು.

“ರೀ, ಕ್ಯಾಲೆಂಡರಲ್ಲಿ ಇಡೀ ವರ್ಷದ್ದಿದೆಯಲ್ಲ. ಅಕ್ಟೋಬರ್ ಹಾಳೆ ಮಗುಚಿ ನೋಡಿದ್ರೆ ಆಗೋಯ್ತು.”

“ಉತ್ತರ ನೋಡ್ಕೊಂಡು ಲೆಕ್ಕ ಮಾಡೋದು ಕಾಪಿ ಹೊಡೆದಂಗೆ,” ಅಂದ ಭರತೇಶ. “ನಿನ್ನ ಸ್ಟೂಡೆಂಟ್ಸಿಗೆ ಇದನ್ನೇ ಹೇಳ್ಕೊಡ್ತೀಯೇನು?”

ಬಾಗಿಲ ಬಳಿ ನಿಂತಿದ್ದ ಪದ್ಮಾವತಮ್ಮನವರು ಗೆರೆಯ ಮೇಲೆ ಬೆರಳು ಓಡಿಸಿದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅವರ ಅಡುಗೆಮನೆಗೆ ಪಶ್ಚಿಮದ ಒಂದು ಬೆಳಕಿಂಡಿ ಇತ್ತು, ಸಂಜೆಯ ಬಿಸಿಲು ಅದರಿಂದ ಬಂದು ಎದುರು ಗೋಡೆಯ ಮೇಲೆ ಬೀಳುತ್ತಿತ್ತು. ಆ ಗೋಡೆಯ ತುಂಬ ಸುಣ್ಣದಲ್ಲಿ ಇಟ್ಟ ಚುಕ್ಕಿಗಳು. ಹುಡುಗರು ಗೀಚಿದ್ದಿರಬೇಕು ಎಂದುಕೊಂಡಿದ್ದ ಭರತೇಶ.

“ಹೊತ್ತು ಹೀಗೆ ಗೆರೆ ಎಳೆದಂಗೆ ಹೋಗಲ್ಲ ಕಣಪ್ಪ,” ಅಂದರು. “ಉಯ್ಯಾಲೆ ಇದ್ದಂಗೆ ಅದು. ತುದೀಲಿ ನಿಂತೇಬಿಡ್ತೇನೋ ಅನ್ನಂಗಿರುತ್ತೆ. ನಡುವೆ ಬಂತೂ ಅಂದ್ರೆ ಹಿಡಿಯಕ್ಕಾಗಲ್ಲ.”

ಅತ್ತೆಗೆ ಸರಳರೇಖೆ ಗೊತ್ತಿಲ್ಲವೆಂದು ಭರತೇಶ ಮರುಗಿದ. ಅವರಿಗೆ ತಿಳಿಯುವ ಹಾಗೆ ಇನ್ನೊಂದು ಸಲ ವಿವರಿಸಿದ. ಅವರು ಪೂರ್ತಿ ಕೇಳಿಸಿಕೊಂಡು, ಆಗಲಿ ಎಂದು ಒಳಗೆ ಹೋದರು.

ಆಮೇಲಿನದೆಲ್ಲ ವಿಜಯಯಾತ್ರೆ. ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಬಂತು, ಮೋಡ ಕವಿದೇ ಇತ್ತು, ಸೂರ್ಯ ಎಲ್ಲಿ ಎಷ್ಟಕ್ಕೆ ಮುಳುಗುತ್ತಾನೆಂದು ಕಣ್ಣಿಗೆ ಬೀಳುವ ಮಾತೇ ಇರಲಿಲ್ಲ. ಬಿದ್ದರೂ ಭರತೇಶ ನೋಡುತ್ತಿರಲಿಲ್ಲ. ಸಮೀಕರಣ ಇರುವಾಗ ಸೂರ್ಯನನ್ನು ಕೇಳುವುದೇನು? ದಿನವೂ ಹೊತ್ತಿಗೆ ಸರಿಯಾಗಿ ಊಟ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಲೆಕ್ಕಕ್ಕೆ ಮನೆಯವರು ಕೊಡುತ್ತಿದ್ದ ಗೌರವ ದಿನದಿಂದ ದಿನಕ್ಕೆ ಏರುತ್ತಿರುವುದನ್ನು ಅವನು ಗಮನಿಸಿದ. ಮೊದಮೊದಲು ಬಸ್ ಸ್ಟ್ಯಾಂಡಿನಿಂದ ನಡೆದು ಬರುತ್ತಿದ್ದವನಿಗೆ ಈಗ ಮಾವ ಸ್ಕೂಟರಿನಲ್ಲಿ ಎದುರಾಗುತ್ತಿದ್ದರು, ಇಲ್ಲೇ ಏನೋ ಕೆಲಸಕ್ಕೆ ಬಂದಿದ್ದೆ ಎನ್ನುತ್ತಿದ್ದರು. ಆ ಕೆಲಸ ದಿನವೂ ಆರೂ ಹತ್ತಕ್ಕೇ ಬರುತ್ತಿತ್ತು. ಗೇಟಿನಲ್ಲಿ ಸಿದ್ಧಿ ಚೊಂಬು ಹಿಡಿದು ನಿಂತಿರುತ್ತಿದ್ದಳು, ಮದುವೆಯ ದಿನವೂ ಅಷ್ಟು ಆತುರದಿಂದ ಕಾಲಿಗೆ ನೀರು ಕೊಟ್ಟವಳಲ್ಲ. ಒಳಗೆ ಹೋದರೆ ರೊಟ್ಟಿ ಹೋಗಿ ಅನ್ನ ಮಾತ್ರ ಉಳಿದಿರುತ್ತಿತ್ತು, ಅದೂ ಸಾರು ಬೆರೆಸಿ, ತುಪ್ಪ ಹಾಕಿ, ಆರಿಸಿ ಇಟ್ಟದ್ದು. ಮಗುವಿಗೆ ಉಣ್ಣಿಸಿದ ಹಾಗೆ ಅತ್ತೆ ಪಕ್ಕದಲ್ಲೇ ನಿಂತಿರುತ್ತಿದ್ದರು. ಹದಿನೈದು ನಿಮಿಷದ ಊಟ ಏಳು ನಿಮಿಷಕ್ಕೆ ಇಳಿಯಿತು. ಗಣಿತ ಬಲ್ಲವನನ್ನು ಲೋಕ ಹೇಗೆ ನಡೆಸಿಕೊಳ್ಳುತ್ತದೆ ಎಂದು ಅವನಿಗೆ ಆಗ ಅರ್ಥವಾಯಿತು.

ಸೆಪ್ಟೆಂಬರ್ ಮೂರನೆಯ ಶುಕ್ರವಾರ ಮೋಡ ಒಡೆಯಿತು. ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದ ಭರತೇಶ ಸುಮ್ಮನೆ ಪಡುವಣಕ್ಕೆ ತಿರುಗಿದ. ಸಮೀಕರಣದ ಪ್ರಕಾರ ಸೂರ್ಯ ಇನ್ನೂ ಅರ್ಧ ಗಂಟೆಯ ಎತ್ತರದಲ್ಲಿರಬೇಕಿತ್ತು. ಆದರೆ ಸೂರ್ಯ ಆಗಲೇ ತೆಂಗಿನ ಗರಿಗಳ ನಡುವೆ ಕುಂಕುಮದ ಭರಣಿಯ ಹಾಗೆ ಕೆಂಪಗೆ ಕೂತಿದ್ದ. ಆ ಸಂಜೆಯ ಕೊನೆಯ ತುತ್ತು ಗಂಟಲಿಗಿಳಿಯುವುದಕ್ಕೂ ಬೆಳಕಿಂಡಿಯ ಬಿಸಿಲು ಆರುವುದಕ್ಕೂ ಸರಿಹೋಯಿತು.

ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ, ಯಾರೂ ಇಲ್ಲದಾಗ, ಅವನು ಕಾಪಿ ಹೊಡೆದ. ಕ್ಯಾಲೆಂಡರ್ ಹಾಳೆಗಳನ್ನು ಮಗುಚಿ ಮಗುಚಿ ಗಾಜು ಬರುವ ರಟ್ಟಿನ ಪೊಟ್ಟಣದ ಹಿಂಬದಿಯಲ್ಲಿ ಚುಕ್ಕಿ ಇಟ್ಟ. ಜುಲೈಯಲ್ಲಿ ಚುಕ್ಕಿಗಳು ಕದಲದೆ ನಿಂತಿದ್ದವು. ಆಗಸ್ಟಿನಲ್ಲಿ ಜಾರಿದವು. ಸೆಪ್ಟೆಂಬರಿನಲ್ಲಿ ಎರಡು ದಿನಕ್ಕೆ ಒಂದು ನಿಮಿಷಕ್ಕೂ ಮಿಗಿಲಾಗಿ ಓಡಿದವು. ಡಿಸೆಂಬರಿನ ಹೊತ್ತಿಗೆ ಮತ್ತೆ ನಿಂತು, ಹಿಂದಕ್ಕೆ ತಿರುಗಿದವು. ಅಂಗೈಯಗಲದ ಆ ರಟ್ಟಿನ ಮೇಲೆ ಒಂದು ಉಯ್ಯಾಲೆ ಬಂದು ಕೂತಿತ್ತು. ಅವನ ಗೆರೆ ಸುಳ್ಳಲ್ಲ, ಆದರೆ ಅವನು ಉಯ್ಯಾಲೆಯ ತುದಿಯನ್ನು ಮಾತ್ರ ನೋಡಿ, ಅದು ನಿಂತಿದೆ ಎಂದು ನಂಬಿ ಹತ್ತಿದ್ದ. ಸ್ಕೂಟರು, ಚೊಂಬು, ಬೆರೆಸಿಟ್ಟ ಅನ್ನ, ಎಲ್ಲ ಒಂದೊಂದಾಗಿ ನೆನಪಾಗಿ ಅವನ ಕಿವಿ ಬಿಸಿಯಾದವು. ಗೋಡೆಯ ಮೇಲಿನ ಸುಣ್ಣದ ಚುಕ್ಕಿಗಳು ಹುಡುಗರದಲ್ಲ. ನಾಲ್ಕನೇ ಕ್ಲಾಸಿನ ಅತ್ತೆ, ಮೂವತ್ತು ವರ್ಷ ಅಡುಗೆಮನೆಯಲ್ಲಿ ನಿಂತು, ಸೂರ್ಯನ ನಡೆಯನ್ನೇ ಗೋಡೆಗೆ ಇಳಿಸಿಕೊಂಡಿದ್ದರು. ಇಡ್ಲಿಯ ದಿನ ಜುಮ್ಮೆಂದದ್ದಕ್ಕಿಂತ ಹೆಚ್ಚಾಗಿ ಮೈ ಜುಮ್ಮೆಂದಿತು.

ಆ ದಿನದ ಸೂರ್ಯಾಸ್ತ ಆರೂ ಇಪ್ಪತ್ತು. ಹೋಗಿ ತಪ್ಪೊಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಮಾವನ ಆ ಪೂರ್ತಿ ತೆರೆದ ಕಣ್ಣು ಮತ್ತೆ ಅರ್ಧಕ್ಕೆ ಇಳಿಯುವುದನ್ನು ಅವನು ನೋಡಲಾರ. ಅವನು ಬೇರೆ ಹಾದಿ ಹಿಡಿದ. ಮಾಲೀಕರ ಕೈಕಾಲು ಹಿಡಿದು ನಾಲ್ಕು ಗಂಟೆಗೇ ಬಿಡಿಸಿಕೊಂಡು, ನಾಲ್ಕೂ ಕಾಲಿನ ಬಸ್ಸು ಹತ್ತಿ, ಎಂದಿನಂತೆ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ. ಬೇಗ ಬಂದದ್ದಕ್ಕೆ ಅಂಗಡಿಗೆ ರಜೆ ಎಂದರಾಯಿತು. ಸಮೀಕರಣದ ಮಾನ ಉಳಿಯುತ್ತದೆ.

ಐದೂ ಇಪ್ಪತ್ತೆರಡಕ್ಕೆ ಮನೆಯ ಮುಂದೆ ಬಂದು ನಿಂತರೆ, ಬಾಗಿಲಿಗೆ ಬೀಗ.

ಪಕ್ಕದ ಮನೆಯ ಜಗಲಿಯಲ್ಲಿ ಮಲ್ಲಿಗಮ್ಮ ಅಲಸಂದೆಕಾಯಿ ಸುಲಿಯುತ್ತಿದ್ದರು. ಅವನನ್ನು ನೋಡಿ ಅವರ ಕೈ ನಿಂತಿತು.

“ಅಯ್ಯೋ ನಿನ್ನ. ನೀನ್ಯಾಕಪ್ಪ ಇಲ್ಲಿಗ್ ಬಂದೆ? ಅವ್ರು ಮೂರು ಜನವೂ ನಿಂಗೇ ಡಬ್ಬಿ ತಗಂಡು ಆಸನಕ್ಕೋದ್ರಲ್ಲ, ನಾಕ್ ಗಂಟೆ ಬಸ್ಸಿಗೆ.”

ಉಳಿದದ್ದನ್ನು ಮಲ್ಲಿಗಮ್ಮ ಕಾಯಿ ಸುಲಿಯುತ್ತಲೇ ಬಿಚ್ಚಿಟ್ಟರು. ಅಳಿಯನ ಲೆಕ್ಕ ತಪ್ಪಾಗಿದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಒಂದು ತಿಂಗಳಿಂದ ಗೊತ್ತು. ಹೇಳೋಣವೆಂದು ಸಿದ್ಧಿ ಅಂದರೆ ಪದ್ಮಾವತಮ್ಮನವರು ಬಿಡಲಿಲ್ಲ. ಮೂವತ್ತೈದು ತೆಗೆದುಕೊಂಡವನು ಈಗ ತಾನೆ ಲೆಕ್ಕದ ರುಚಿ ಹತ್ತಿಸಿಕೊಂಡಿದ್ದಾನೆ, ಮೊಳಕೆ ತುಳಿಯಬೇಡಿ ಎಂದರು. ಅದಕ್ಕೇ ಸ್ಕೂಟರು, ಅದಕ್ಕೇ ಬೆರೆಸಿಟ್ಟ ಅನ್ನ. ಇನ್ನು ಈ ವಾರದಿಂದ ಯಾವ ಉಪಾಯವೂ ಸಾಗುವುದಿಲ್ಲ ಎಂದು ಗೋಡೆ ನೋಡಿ ಅವರೇ ಹೇಳಿದರು. ಶನಿವಾರ ಸಿದ್ಧಿಗೆ ಅರ್ಧ ದಿನ. ಏನೋ ಪಾತ್ರೆ ಖರೀದಿಗೆ ಬಂದವರ ಹಾಗೆ ಮೂವರೂ ಅವನ ಅಂಗಡಿಗೆ ಹೋಗಿ, ಹೇಗೂ ಬಂದಿದ್ದೀವಿ ಇಲ್ಲೇ ಉಣ್ಣಿ ಎಂದು ಡಬ್ಬಿ ಬಿಚ್ಚುವುದು ಅವರ ಯೋಜನೆ.

ಭರತೇಶ ಗೇಟು ಹಿಡಿದು ನಿಂತ. ಎಡಗಡೆ ಮಾಡಿದ್ದನ್ನೇ ಬಲಗಡೆಗೂ ಮಾಡಬೇಕು. ತಕ್ಕಡಿಯ ಎರಡು ಕಡೆಯವರೂ ಒಬ್ಬರಿಗೊಬ್ಬರು ಹೇಳದೆ ಅದನ್ನೇ ಮಾಡಿದ್ದರು. ಎಲ್ಲೋ ದಾರಿಯಲ್ಲಿ ಅವನು ಗೊರಕೆ ಹೊಡೆಯುತ್ತಿದ್ದಾಗ ಅವನ ಊಟ ಎದುರುಗಡೆಯಿಂದ ಬಂದು ಪಕ್ಕದಲ್ಲೇ ಹಾದು ಹೋಗಿತ್ತು.

ಫೋನು ಮಾಡಿದ.

“ಎಲ್ಲಿದೀರ್ರೀ? ನಾವು ನಿಮ್ಮ ಅಂಗಡೀಲಿದೀವಿ,” ಅಂದಳು ಸಿದ್ಧಿ.

“ನಾನು ನಿಮ್ಮ ಮನೆ ಮುಂದಿದೀನಿ.”

ಆ ಕಡೆಯಿಂದ ಅತ್ತೆಯ ದನಿ ಕೇಳಿಸಿತು, ಏನು ತಂದಿದ್ದೀವಿ ಎಂದು ಹೇಳು ಎನ್ನುತ್ತಿದ್ದರು. ಒಬ್ಬಟ್ಟಂತೆ. ತೊವ್ವೆ, ಹೀರೇಕಾಯಿ ಪಲ್ಯ, ನಿಂಬೆಹಣ್ಣಿನ ಚಿತ್ರಾನ್ನವಂತೆ. ಐದೂವರೆಗೆ ಒಂದು ಬಸ್ಸಿದೆ, ಆದರೆ ಅಲ್ಲಿ ಬಂದು ಸೇರುವಾಗ ಆರೂವರೆ, ಏನು ಮಾಡೋದು ಎಂದು ಸಿದ್ಧಿ ಕೇಳಿದಳು.

“ಬಾಳೆಹಣ್ಣದೆ ಎರಡು,” ಅಂದರು ಮಲ್ಲಿಗಮ್ಮ. “ಇನ್ನೂ ಹೊತ್ತದೆ. ತಿಂದು ನೀರ್ ಕುಡಿದು ತೆಪ್ಪಗೆ ಕೂತ್ಕ ಬಾ.”

ಮಲ್ಲಿಗಮ್ಮನ ಕೈಯಲ್ಲಿ ಎರಡು ಪುಟ್ಟಬಾಳೆ ಹಣ್ಣು ಹಳದಿಗೆ ಹೊಳೆಯುತ್ತಿದ್ದವು. ಭರತೇಶ ಅವನ್ನು ನೋಡಲೂ ಇಲ್ಲ. ಅವನ ಕಣ್ಣು ಎಲ್ಲೋ ಇತ್ತು. ಐದೂ ನಲವತ್ತೆರಡಕ್ಕೆ ಇಲ್ಲಿಂದ ಹಾಸನಕ್ಕೆ ಒಂದು ಬಸ್ಸಿದೆ. ಅವರು ಅಲ್ಲಿಂದ, ತಾನು ಇಲ್ಲಿಂದ. ಇದು ಪುಸ್ತಕದ ನೂರಾ ಮೂವತ್ತನೆಯ ಪುಟ. ಅವನು ಮಲ್ಲಿಗಮ್ಮನ ಜಗಲಿಯ ಮೇಲೆಯೇ ಇದ್ದಿಲಿನಲ್ಲಿ ಬರೆದ. ಇಡೀ ದಾರಿಗೆ ಅರವತ್ತು ನಿಮಿಷ. ಅವರ ಬಸ್ಸು ಹೊರಟು x ನಿಮಿಷ. ತನ್ನದು ಹನ್ನೆರಡು ನಿಮಿಷ ತಡ, ಆದ್ದರಿಂದ x ಕಳೆ ಹನ್ನೆರಡು. ಎರಡೂ ಕೂಡಿದರೆ ಅರವತ್ತು. 2x = 72. x = 36. ಆರು ಗಂಟೆ ಆರು ನಿಮಿಷಕ್ಕೆ ಎರಡು ಬಸ್ಸೂ ಎದುರುಬದುರಾಗುತ್ತವೆ. ಇಲ್ಲಿಂದ ಇಪ್ಪತ್ತನಾಲ್ಕು ನಿಮಿಷಕ್ಕೆ ಬರುವ ಊರು ಯಾವುದೆಂದು ಕೇಳಿದರೆ, ಉದಯಪುರ ಎಂದರು ಮಲ್ಲಿಗಮ್ಮ. ಸೂರ್ಯಾಸ್ತಕ್ಕೆ ಇನ್ನೂ ಹದಿನಾಲ್ಕು ನಿಮಿಷ. ಏಳು ನಿಮಿಷದಲ್ಲಿ ಉಣ್ಣುವ ಅಭ್ಯಾಸ ಬೇರೆ ಆಗಿದೆ. ಸೂರ್ಯ ಮುಳುಗುವ ಮುನ್ನ ಉದಯಪುರದಲ್ಲಿ ಊಟ. ತಾನೇ ಬಿಡಿಸಿದ ಲೆಕ್ಕದ ಮುಂದೆ ಅವನು ಕೈ ಮುಗಿಯುವುದೊಂದು ಬಾಕಿ.

“ಬಸ್ ಹತ್ತಿ. ಆರೂ ಆರಕ್ಕೆ ಉದಯಪುರದಲ್ಲಿ ಸಿಗ್ತೀನಿ,” ಎಂದ.

“ರೀ, ಆ ಬಸ್ಸು ಅಲ್ಲಿ ನಿಲ್ಲುತ್ತಾ?”

“ಸಿದ್ಧಿ, ಅದು ಲೆಕ್ಕಕ್ಕೆ ಬೇಡದ್ದು,” ಎಂದು ಭರತೇಶ ಗಂಭೀರವಾಗಿ ಹೇಳಿ ಓಡಿದ.

ಅವನು ಇದೇ ರಸ್ತೆಯಲ್ಲಿ ಐದು ತಿಂಗಳು ಓಡಾಡಿದ್ದ. ಆದರೆ ಹತ್ತುತ್ತಿದ್ದದ್ದು ಮೊದಲ ಸ್ಟಾಪಿನಲ್ಲಿ, ಇಳಿಯುತ್ತಿದ್ದದ್ದು ಕೊನೆಯ ಸ್ಟಾಪಿನಲ್ಲಿ, ನಡುವೆ ಇದ್ದದ್ದು ನಿದ್ದೆ. ರಸ್ತೆಯ ಮೇಲೂ ಅವನಿಗೆ ಗೊತ್ತಿದ್ದದ್ದು ಎರಡೇ ಬಿಂದು.

ಬಸ್ಸು ಸರಿಯಾಗಿ ಐದೂ ನಲವತ್ತೆರಡಕ್ಕೆ ಹೊರಟಿತು. ಭರತೇಶ ಎಲ್ಲರಿಗಿಂತ ಮುಂದೆ, ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ಉದಯಪುರ ಎಂದು ನೋಟು ಚಾಚಿದ. ಕಂಡಕ್ಟರು ಅವನನ್ನೂ ನೋಟನ್ನೂ ನೋಡಿದ.

“ಉದಯಪುರಕ್ಕೆ ಟಿಕೆಟ್ ಇಲ್ಲ ಸಾ. ಇದು ನಾನ್‌ಸ್ಟಾಪು. ಬೋರ್ಡ್ ಓದ್ಲಿಲ್ವಾ? ಇಲ್ಲಿ ಬುಟ್ರೆ ಆಸನವೇ.”

ಆ ಹೊತ್ತಿಗೆ ಜೇಬಿನಲ್ಲಿ ಫೋನು ಅದುರಿತು. ಸಿದ್ಧಿಯ ಬಸ್ಸಿನ ಕಂಡಕ್ಟರೂ ಅದನ್ನೇ ಹೇಳಿದ್ದ. ಅಳಿಯನ ನೇಮ, ಹೊತ್ತು ಮುಳುಗುವುದು, ಒಬ್ಬಟ್ಟು, ಎಲ್ಲವನ್ನೂ ಮಾವ ವಿವರಿಸಿದರೂ ಒಪ್ಪಲಿಲ್ಲವಂತೆ. ಇಲ್ಲಿ ಭರತೇಶನೂ ಡ್ರೈವರನ ಹತ್ತಿರ ಹೋಗಿ ಅಂಗಲಾಚಿದ. ಹಿಂದಿನಿಂದ ಯಾರೋ, ಊಟ ಮಾಡೋಕೆ ಬಸ್ ನಿಲ್ಸಿದ್ರೆ ಆಮೇಲೆ ಮಲಗೋಕೂ ನಿಲ್ಸಬೇಕಾಗುತ್ತೆ ಅಂದರು. ಬಸ್ಸೆಲ್ಲ ನಕ್ಕಿತು. ಅವನು ಬಂದು ಕಿಟಕಿಯ ಪಕ್ಕ ಕೂತ. ಇನ್ನು ಮಾಡುವುದೇನೂ ಇರಲಿಲ್ಲ. ಗಡಿಯಾರ ನೋಡುವುದೊಂದೇ.

ಆರೂ ನಾಲ್ಕು. ಬಲಗಡೆ ಬಯಲಿನ ಮೇಲೆ ಬೆಳಕು ಅರಿಸಿನದಂತಾಗಿತ್ತು. ಆರೂ ಐದು. ಉದಯಪುರದ ಬೋರ್ಡು ಬಂತು, ಅಂಗಡಿಗಳು ಬಂದವು, ಕಲ್ಲು ಬೆಂಚೊಂದು ಬಂತು, ಯಾರೂ ಕೂತಿರಲಿಲ್ಲ, ಇಬ್ಬರು ಉಣ್ಣುವಷ್ಟು ಜಾಗವಿತ್ತು. ಭರತೇಶನ ಎದೆ ಹೊಡೆದುಕೊಳ್ಳತೊಡಗಿತು. ಹಸಿವಿಗಲ್ಲ. ಮುಳ್ಳು ಆರರ ಮೇಲೆ ಬಂತು. ಎದುರಿನ ತಿರುವಿನಿಂದ ಒಂದು ಬಸ್ಸು ಮೂಡಿತು.

ಅದು ಹತ್ತಿರ ಬಂತು, ದೊಡ್ಡದಾಯಿತು, ಪಕ್ಕಕ್ಕೆ ಬಂತು. ಆ ಒಂದು ಕ್ಷಣದಲ್ಲಿ ಭರತೇಶ ಎಲ್ಲವನ್ನೂ ಕಂಡ. ಮೂರನೆಯ ಕಿಟಕಿಯಲ್ಲಿ ಅತ್ತೆ. ಅವರ ತೊಡೆಯ ಮೇಲೆ ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿ, ಮೇಲೆ ಸಂಜೆ ಬಿಸಿಲು. ಅವರ ಹಿಂದೆ ಹಣೆಗೆ ಕೈ ಹಚ್ಚಿಕೊಂಡ ಸಿದ್ಧಿ. ಮಾವ ಕೈ ಬೀಸುತ್ತಿದ್ದರು. ಆಮೇಲೆ ಬರೀ ಗಾಳಿ, ಧೂಳು, ಡೀಸೆಲ್ ವಾಸನೆಯ ನಡುವೆ ಎಲ್ಲೋ ಒಂದೆಳೆ ಒಬ್ಬಟ್ಟಿನ ಪರಿಮಳ. (ಅದು ಭ್ರಮೆ ಎಂದು ಸಿದ್ಧಿ ಇವತ್ತಿಗೂ ಹೇಳುತ್ತಾಳೆ.) ಎರಡು ಬಸ್ಸು, ಎರಡು ಊರು, ಮೂವತ್ತೆಂಟು ಕಿಲೋಮೀಟರು ರಸ್ತೆ, ದಾರಿಯಲ್ಲಿ ಎಷ್ಟು ಹಸು, ಎಷ್ಟು ಟ್ರ್ಯಾಕ್ಟರು, ಎಷ್ಟು ಹಂಪು, ಇಷ್ಟೆಲ್ಲದರ ನಡುವೆ, ಇದ್ದಿಲಿನಲ್ಲಿ ಬರೆದ ಆ ನಿಮಿಷಕ್ಕೆ, ಆ ಜಾಗಕ್ಕೆ ಬಂದು ಸಂಧಿಸಿದ್ದವು. ಸಮೀಕರಣ ಹೇಳಿದ್ದು ಅಷ್ಟೇ. ನಿಲ್ಲುತ್ತವೆ ಎಂದು ಅದು ಎಲ್ಲೂ ಹೇಳಿರಲಿಲ್ಲ.

ಭರತೇಶನ ರೋಮ ರೋಮ ಎದ್ದು ನಿಂತಿತ್ತು. ಹೊಟ್ಟೆ ಮಾತ್ರ ಕೂತಲ್ಲೇ ಕುಸಿದಿತ್ತು.

ಹಾಸನ ಇನ್ನೂ ದೂರವಿರುವಾಗಲೇ ಬೆಳಕು ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಗೋಬಿ ಮಂಚೂರಿ ಗಾಡಿ. ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟುತ್ತಿತ್ತು. ಮಾವ ಅಲ್ಲಿರಲಿಲ್ಲ, ಯಾರೂ ಇರಲಿಲ್ಲ. ಭರತೇಶ ಆಕಾಶ ನೋಡುತ್ತ ಮುಂದೆ ಹೋದ.

ವಾಪಸಿನ ಬಸ್ಸಿಗೆ ಕಾಯುವಾಗ ಅತ್ತೆಯ ಫೋನು ಬಂತು. ಬೈಗುಳಕ್ಕೆ ತಯಾರಾಗಿಯೇ ಅವನು ಎತ್ತಿದ. ಆದರೆ ಪದ್ಮಾವತಮ್ಮನವರ ದನಿ ನಡುಗುತ್ತಿತ್ತು.

“ಭರತೇಶಪ್ಪ, ಎದೆ ಝಲ್ಲಂತು ಕಣಪ್ಪ. ಆರೂ ಆರು ಅಂದ್ರಿ, ಆರೂ ಆರಕ್ಕೇ ನೋಡ್ದೆ ನಿಮ್ಮ ಮುಖಾನ. ಒಂದು ನಿಮಿಷ ಆ ಕಡೆ ಈ ಕಡೆ ಇಲ್ಲ. ಮೂವತ್ತು ವರ್ಷ ಗೋಡೆ ನೋಡಿದೀನಿ, ಇಂಥದ್ದು ಕಂಡಿಲ್ಲ.”

ಹೀಗೆ ಅತ್ತೆ ಅಳಿಯನಿಗೂ ಅಳಿಯ ಅತ್ತೆಗೂ, ಇಬ್ಬರೂ ಮನಸ್ಸಿನಲ್ಲೇ ಅಡ್ಡಬಿದ್ದರು. ಆಮೇಲೆ ಭರತೇಶ ಮೆಲ್ಲಗೆ, ಡಬ್ಬಿ ಏನಾಯಿತು ಎಂದು ವಿಚಾರಿಸಿದ.

“ಹೊತ್ತು ಮುಳುಗಿದ್ರೆ ಯಾರಿಗೂ ಇಲ್ದಂಗಾಗುತ್ತೆ ಅಂತ ನಿಮ್ಮ ಮಾವ ಬಸ್ಸಲ್ಲೇ ಉಂಡ್ರು. ಪಾಪ, ಬೇಡ ಬೇಡ ಅಂತಾನೇ ಉಂಡ್ರು. ಒಬ್ಬಟ್ಟು ಚೆನ್ನಾಗಿತ್ತಂತೆ,” ಎಂದರು ಅತ್ತೆ.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಿನಲ್ಲಿ ಹಾಳೆ ಇರಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ, ಎಣ್ಣೆ ಸೋರದಂತೆ, ಡಬ್ಬಿಯ ಚೀಲದ ತಳಕ್ಕೆ ಹಾಸಲಾಗಿತ್ತು. ಚೀಲ ಹೆಗಲಿಗೇರಿಸಿ ಭರತೇಶ ಗೇಟು ದಾಟುವಾಗ ಮಲ್ಲಿಗಮ್ಮ ಕಾಂಪೌಂಡಿನಾಚೆಯಿಂದ ಕೈ ಚಾಚಿದರು. ಕೈಯಲ್ಲಿ ಎರಡು ಬಾಳೆಹಣ್ಣು.

ಭರತೇಶ ಏನೂ ಲೆಕ್ಕ ಹಾಕದೆ ತೆಗೆದುಕೊಂಡ.